ಇವತ್ತೇ ಕೇಳಿಸಿದ ಸದ್ದು

ನಮ್ಮೂರಿನ ತಾಯಂದಿರು ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಅಳುವುದಿಲ್ಲ. ಮರುದಿನ ಅಳುತ್ತಾರೆ. ಹೊರಗಿನಿಂದ ಬಂದ ಬೀಗರಿಗೆ ಇದು ಅರ್ಥವಾಗುವುದಿಲ್ಲ. ಮದುಮಗಳು ಕಾರು ಹತ್ತುವಾಗ ಹೆತ್ತವಳು ನಗುನಗುತ್ತಾ ಎಲೆಅಡಿಕೆ ಹಂಚುತ್ತಿರುತ್ತಾಳೆ, ಇವಳಿಗೇನು ಕರುಳಿಲ್ಲವೇ ಅಂದುಕೊಳ್ಳುತ್ತಾರೆ. ಕಾರು ಒಂದಿಷ್ಟೂ ಸದ್ದಿಲ್ಲದೆ, ನೀರಿನ ಮೇಲೆ ದೋಣಿ ಸರಿದ ಹಾಗೆ, ಬೀದಿ ದಾಟಿ ಹೋಗುತ್ತದೆ. ಮರುದಿನ ಅದೇ ಹೊತ್ತಿಗೆ ಖಾಲಿ ಬೀದಿಯಲ್ಲಿ ಕಾರಿನ ಬಾಗಿಲು ಧಡ್ ಎಂದು ಮುಚ್ಚುತ್ತದೆ. ಎಂಜಿನ್ನು ಗುರ್ ಎನ್ನುತ್ತದೆ, ಗೇರು ಬದಲಾಗುತ್ತದೆ, ತಿರುವಿನಲ್ಲಿ ಸದ್ದು ಸಣ್ಣಗಾಗಿ ಕರಗಿಹೋಗುತ್ತದೆ. ಆಗ ತಾಯಿ ತನ್ನ ಅಡುಗೆಮನೆಯಲ್ಲಿ, ಯಾವ ಬೀಗರ ಕಣ್ಣೂ ಇಲ್ಲದ ಕಡೆ, ಸೆರಗನ್ನು ಬಾಯಿಗಿಟ್ಟುಕೊಂಡು ಮನಸಾರೆ ಅಳುತ್ತಾಳೆ. ಬೀದಿಯವರೆಲ್ಲ ಆ ಹೊತ್ತು ಆ ಮನೆಯ ಕಡೆ ಹೋಗದೆ ಸುಮ್ಮನಿರುತ್ತಾರೆ. ಅದು ಮರ್ಯಾದೆ.

ನಮ್ಮಲ್ಲಿ ಮಾತು, ನಗು, ಮಳೆ, ನಾಯಿ ಬೊಗಳಿದ್ದು ಎಲ್ಲ ಆಗಿಂದಾಗಲೇ ಕೇಳಿಸುತ್ತದೆ. ಕಬ್ಬಿಣ, ಹಿತ್ತಾಳೆ, ಸ್ಟೀಲು, ಯಾವ ಲೋಹವಾದರೂ ಅದರ ಸದ್ದು ಮಾತ್ರ ಮರುದಿನ, ಎಲ್ಲಿ ಆಗಿತ್ತೋ ಅಲ್ಲೇ. ಹಾಗಾಗಿ ಸ್ಕೂಲಿನ ಗಂಟೆ ಮರದ ಹಲಗೆ. ದನಗಳ ಕೊರಳಲ್ಲಿ ಮರದ ಗಂಟೆ. ಸೈಕಲ್ಲಿನವರು ಬೆಲ್ಲು ಇಟ್ಟುಕೊಳ್ಳುವುದಿಲ್ಲ, ‘ಬಂದೆ, ಬಂದೆ’ ಅನ್ನುತ್ತಾ ಹೋಗುತ್ತಾರೆ. ಕ್ಷೌರದ ಅಂಗಡಿಗೆ ರಜೆ ಇದ್ದ ದಿನವೂ ಖಾಲಿ ಕುರ್ಚಿಯ ಮೇಲೆ ಕತ್ತರಿ ಕಚಕಚ ಅನ್ನುತ್ತಿರುತ್ತದೆ. ಸೊಸೆ ತಟ್ಟೆ ಬೀಳಿಸಿದರೆ ಅತ್ತೆಗೆ ನಾಳೆಯೇ ಗೊತ್ತಾಗುವುದು. ಆ ಒಂದು ದಿನದಲ್ಲಿ ಬುದ್ಧಿವಂತ ಸೊಸೆ ಅತ್ತೆಯನ್ನು ಚೆನ್ನಾಗಿ ನೋಡಿಕೊಂಡಿರುತ್ತಾಳೆ.

ನಾನು ವೀರಾಚಾರಿ. ಕೆರೆ ಆಚೆ ನನ್ನ ಶೆಡ್ಡು. ಅಪ್ಪನದು ಕುಲುಮೆ, ನನ್ನದು ಎಂಜಿನ್ನು. ಯಾರೂ ಹೇಳಿಕೊಡಲಿಲ್ಲ. ಬಿಚ್ಚುವುದನ್ನು ಬಿಚ್ಚಿ ಬಿಚ್ಚಿ ಕಲಿತೆ, ಕೂಡಿಸುವುದನ್ನು ಬೈಸಿಕೊಂಡು ಕಲಿತೆ. ಬೇರೆ ಊರಿನ ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ ಎಲ್ಲಿ ಸದ್ದು ಅಂತ ಹಿಡಿಯುತ್ತಾರಂತೆ. ನಮ್ಮಲ್ಲಿ ಹಾಗೆ ಮಾಡಿದರೆ ಕಿವಿ ಮಸಿಯಾಗುತ್ತದೆ ಅಷ್ಟೇ. ನಾವು ಇವತ್ತು ಎಂಜಿನ್ನು ಓಡಿಸುತ್ತೇವೆ, ನಾಳೆ ಅದೇ ಜಾಗದಲ್ಲಿ ಕೂತು ಕೇಳುತ್ತೇವೆ. ಇವತ್ತು ಯಾವ ಗಳಿಗೆಯಲ್ಲಿ ಯಾವ ಪ್ಲಗ್ಗಿನ ವೈರು ಕಿತ್ತಿದ್ದೆ ಅನ್ನುವುದು ನಾಳೆ ನೆನಪಿರಬೇಕಲ್ಲ, ಅದಕ್ಕೆ ನನ್ನದೊಂದು ದಾರಿ ಇದೆ. ಕೆಲಸ ಮಾಡುತ್ತಾ ನಮ್ಮ ಬೀದಿಯ ಮನೆಗಳನ್ನು ಒಂದೇ ಲಯದಲ್ಲಿ ಹೇಳಿಕೊಂಡು ಹೋಗುತ್ತೇನೆ: ತಿಪ್ಪಮ್ಮನ ಮನೆ, ಗಾಣದ ಮನೆ, ನಲ್ಲಿ ಮನೆ, ಮೂಲೆ ಮನೆ, ಮುರುಕು ಗೇಟಿನ ಮನೆ. ಮರುದಿನ ಸುಮ್ಮನೆ ನಿಂತ ಎಂಜಿನ್ನಿನ ಮುಂದೆ ಕೂತು ಮತ್ತೆ ಅದನ್ನೇ ಹೇಳುತ್ತೇನೆ. ನಲ್ಲಿ ಮನೆ ಅನ್ನುವಾಗ ಬಡಿತ ನಿಂತರೆ, ನಲ್ಲಿ ಮನೆ ಹೊತ್ತಿಗೆ ಕಿತ್ತ ವೈರಿನ ಸಿಲಿಂಡರಿನಲ್ಲಿ ರೋಗ. ನನ್ನ ಹೆಂಡತಿ ಕಾಳಮ್ಮ ಇದನ್ನು ಸಹಸ್ರನಾಮ ಅನ್ನುತ್ತಾಳೆ.

ಊರಿನ ಮದುವೆಗಳಿಗೆಲ್ಲ ಹೋಗುತ್ತಿದ್ದದ್ದು ಪದ್ಮರಾಜಯ್ಯನವರ ಹಳೆಯ ಕೆನೆ ಬಣ್ಣದ ಕಾರು. ಗುಂಡು ತಲೆ, ಎರಡೂ ಕಡೆ ಕಾಲಿಡುವ ಹಲಗೆ, ಮುಂದೆ ದಪ್ಪ ಕಣ್ಣಿನ ದೀಪಗಳು. ನನ್ನ ಕಾಳಮ್ಮ ನಮ್ಮ ಮನೆಗೆ ಬಂದದ್ದೂ ಅದರಲ್ಲೇ. ಪದ್ಮರಾಜಯ್ಯನವರು ಮದುಮಗಳನ್ನು ಕೂರಿಸಿಕೊಂಡರೆ ಹಸುಗೂಸನ್ನು ಎತ್ತಿಕೊಂಡ ಹಾಗೆ ಗಾಡಿ ಓಡಿಸುತ್ತಿದ್ದರು. ಹೋದ ವರ್ಷ ಒಂದು ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಜಗಲಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ.

ನಮ್ಮೂರಿನಲ್ಲಿ ಸತ್ತವರ ಮನೆ ಮುಂದೆ ಮರುದಿನ ಜನ ನಿಲ್ಲುತ್ತಾರೆ. ಹೋದವರ ಕೊನೆಯ ಸದ್ದುಗಳು ಬರುವುದಿರುತ್ತದಲ್ಲ, ಬೀಗದ ಕೈ, ಬಾವಿಯ ಕೊಡ, ಊಟದ ಕೊನೆಯ ತಟ್ಟೆ. ನಾನೂ ಹೋಗಿ ನಿಂತಿದ್ದೆ. ಸಂಜೆಯಾಯಿತು. ಹೊಂಗೆಮರದ ತಿರುವಿನಿಂದ ಕಾರಿನ ಸದ್ದು ಬಂತು, ಮನೆ ಮುಂದೆ ನಿಂತಿತು, ಬಾಗಿಲು ತೆಗೆದು ಹಾಕಿದ ಸದ್ದಾಯಿತು. ಅವರ ಹೆಂಡತಿ ಚನ್ನಾಜಮ್ಮನವರು ಕಾಫಿ ಲೋಟ ತಂದು ಜಗಲಿಯ ಮೇಲೆ ಇಟ್ಟರು. ಆಮೇಲೆ ತಿರುವಿನ ಕಡೆ ನೋಡುತ್ತಾ, ಮರಕುಟಿಗ ಮಾತ್ರ ಇವತ್ತು ಬರಲಿಲ್ಲ ಅಂದರು. ದುಃಖದಲ್ಲಿದ್ದವರು ಏನೋ ಅನ್ನುತ್ತಾರೆ, ನಾವು ಯಾರೂ ಕೇಳಲು ಹೋಗಲಿಲ್ಲ.

ಆಮೇಲೆ ಮಗಳು ಸುಪ್ರಭೆ ಕಾರು ಓಡಿಸತೊಡಗಿದಳು. ಅಪ್ಪನ ಕೈಯೇ ಅವಳಿಗೂ ಬಂದಿತ್ತು. ಮದುವೆಯವರು ಅವಳನ್ನೇ ಕರೆಯುತ್ತಿದ್ದರು, ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಹೂವಿನ ಗಂಗೂಬಾಯಿಯ ಮಗಳ ಮದುವೆ ಬಂತು. ಹುಡುಗಿ ಕಾರು ಹತ್ತಿದಳು, ಗಂಗೂಬಾಯಿ ನಗುತ್ತಾ ಕೈ ಎತ್ತಿದಳು, ಕಾರು ಹೊರಟಿತು. ಹೊರಟದ್ದೇ ಎಂಜಿನ್ನಿನಿಂದ ಸದ್ದು ಬಂತು. ಟೊಕ್ ಟೊಕ್ ಟೊಕ್. ನಾಳೆಯಲ್ಲ, ಆಗಲೇ.

ಗಂಗೂಬಾಯಿ ಬೀಗರೆದುರಿಗೇ, ಹೂವಿನ ಬುಟ್ಟಿಯ ಮೇಲೇ ಕುಸಿದು ಕೂತು ಅತ್ತಳಂತೆ. ನಾಳೆಗೆ ಇಟ್ಟುಕೊಂಡದ್ದೆಲ್ಲ ಆಗಲೇ ಒಡೆದುಹೋಯಿತು. ಮರುದಿನ ನಿಜವಾದ ಸದ್ದು ಬಂದಾಗ ಅವಳ ಕಣ್ಣಲ್ಲಿ ಏನೂ ಇರಲಿಲ್ಲ. ಕಂಬಕ್ಕೆ ಒರಗಿ ಕಲ್ಲಿನ ಹಾಗೆ ಕೂತಿದ್ದಳು. ಸಂಜೆ ಚನ್ನಾಜಮ್ಮನವರ ಮನೆಗೆ ಹೋಗಿ, ಬೈಯಲಿಲ್ಲ, ಮೆಲ್ಲಗೆ ಹೇಳಿದಳಂತೆ: “ನನ್ನ ನಾಳೆ ನಂಗೆ ಸಿಗಲಿಲ್ಲ ಕಣ್ರಮ್ಮ.”

ಸುಪ್ರಭೆ ಕಾರನ್ನು ನನ್ನ ಶೆಡ್ಡಿಗೆ ತಂದಾಗ ಮುಖ ಬಾಡಿತ್ತು. ಅಮ್ಮ ಗುಜರಿಯವನಿಗೆ ಹೇಳಿ ಕಳಿಸಿದ್ದಾಳೆ, ಸಂತೆಯ ದಿನ ಬಂದು ಒಯ್ಯುತ್ತಾನೆ ಅಂದಳು. ಒಯ್ಯುವುದು ಅಂದರೆ ಕಡಿದು ತೂಕಕ್ಕೆ ಹಾಕುವುದು. ಅಪ್ಪ ಬಿಟ್ಟುಹೋದದ್ದು ಅಂತ ಆ ಮನೆಯಲ್ಲಿ ಇದ್ದದ್ದು ಅದೊಂದೇ, ಅವಳು ಇಷ್ಟಪಟ್ಟು ಮಾಡುವ ಕೆಲಸವೂ ಅದೊಂದೇ. “ಅಷ್ಟರೊಳಗೆ ಏನಾದ್ರೂ ಮಾಡಿ ಆಚಾರ್ರೇ. ಅಮ್ಮನ ಹತ್ರ ನಾನು ವಾದ ಮಾಡಕ್ಕಾಗಲ್ಲ.”

ಮಾಡುತ್ತೇನೆ ಅಂದೆ. ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಜೀವಮಾನದಲ್ಲಿ ನಾನು ಎಂಜಿನ್ನಿನ ಸದ್ದನ್ನು ಆಗಿಂದಾಗ ಕೇಳಿದವನಲ್ಲ. ಚಾಲೂ ಮಾಡಿ ಬಾನೆಟ್ಟು ಎತ್ತಿದರೆ ಟೊಕ್ ಟೊಕ್ ಅಂತ ಎದುರಿಗೇ ಬಡಿಯುತ್ತಿದೆ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸುದ್ದಿ ಕೇಳಿ ನೋಡಲು ಬಂದವರು ಬಾಗಿಲಾಚೆಯೇ ನಿಂತರು. ಒಬ್ಬರು ಕಬ್ಬಿಣಕ್ಕೆ ವಯಸ್ಸಾದರೆ ಹೀಗೇ ದಿನ ಮರೆಯುತ್ತದೆ ಅಂದರು. ಇನ್ನೊಬ್ಬರು ಇದು ಅಂಟುಜಾಡ್ಯ ಇರಬಹುದು, ನಿನ್ನ ಸ್ಪ್ಯಾನರುಗಳನ್ನು ದೂರ ಇಡು ಅಂದರು. ನಾನು ನಗಲಿಲ್ಲ, ದೂರವೇ ಇಟ್ಟೆ.

ಕೊನೆಗೆ ಹೀಗೆ ಲೆಕ್ಕ ಹಾಕಿದೆ. ಎಂಜಿನ್ನಿನ ಯಾವುದೋ ಒಂದು ಭಾಗ ತನ್ನ ಸದ್ದನ್ನು ಇವತ್ತೇ ಖರ್ಚು ಮಾಡಿಕೊಳ್ಳುತ್ತಿದೆ. ಹಾಗಿದ್ದರೆ ನಾಳೆ ಅದರ ಸದ್ದು ಬರಬಾರದು. ನಾಳೆಯ ಸದ್ದಿನಲ್ಲಿ ಯಾವುದು ಕಾಣೆಯೋ ಅದೇ ಕಳ್ಳ. ಒಳ್ಳೆಯ ಲೆಕ್ಕ ಅಂತ ನನಗೇ ಹೆಮ್ಮೆಯಾಯಿತು. ಮನೆಗಳ ಹೆಸರು ಹೇಳುತ್ತಾ ಎಂಜಿನ್ನು ಓಡಿಸಿದೆ, ಒಂದೊಂದೇ ವೈರು ಕಿತ್ತು ಹಾಕಿದೆ, ಫ್ಯಾನ್ ಬೆಲ್ಟು ಬಿಚ್ಚಿ ಓಡಿಸಿದೆ, ಮತ್ತೆ ಹಾಕಿ ಓಡಿಸಿದೆ. ಏನು ಮಾಡಿದರೂ ಟೊಕ್ ಟೊಕ್ ನಿಲ್ಲಲಿಲ್ಲ, ಎಂಜಿನ್ನು ನಿಧಾನವಾದರೆ ಅದೂ ನಿಧಾನವಾಗುತ್ತಿತ್ತು ಅಷ್ಟೇ. ಮರುದಿನ ಅಲ್ಲೇ ಸ್ಟೂಲು ಹಾಕಿಕೊಂಡು ಕೂತು, ಮೇಷ್ಟರು ಹಾಜರಿ ಕೂಗಿದ ಹಾಗೆ ಕಿವಿಗೊಟ್ಟೆ. ಟ್ಯಾಪೆಟ್ಟುಗಳು ಹಾಜರ್. ಚೈನು ಹಾಜರ್. ನೀರಿನ ಪಂಪು, ಫ್ಯಾನು, ಪುಲ್ಲಿ, ಸೈಲೆನ್ಸರು, ಎಲ್ಲ ಹಾಜರ್. ಕಾಣೆಯಾದವರು ಯಾರೂ ಇಲ್ಲ. ಅಷ್ಟು ಹದವಾದ ಎಂಜಿನ್ನನ್ನು ನಾನು ಕೇಳಿದ್ದೇ ಕಡಿಮೆ. ಪದ್ಮರಾಜಯ್ಯನವರು ಸಾಕಿದ ಎಂಜಿನ್ನು, ಅವರ ಹಾಗೇ ಸಣ್ಣ ದನಿಯಲ್ಲಿ ಮಾತಾಡುತ್ತಿತ್ತು. ನನಗೆ ನಂಬಿಕೆ ಬರದೆ ಮೇಲಿನ ಮುಚ್ಚಳ ತೆಗೆದು ಟ್ಯಾಪೆಟ್ಟು ಅಳತೆ ನೋಡಿದೆ, ಕೆಳಗಿನ ಆಯಿಲ್ ತೊಟ್ಟಿ ಇಳಿಸಿ ನೋಡಿದೆ, ಎಲ್ಲ ಕೂಡಿಸಿದೆ. ದಿನಗಳು ಹೋದವು. ಚಾಲೂ ಮಾಡಿದರೆ ಟೊಕ್ ಟೊಕ್.

ಸಂತೆ ಹತ್ತಿರವಾಗುತ್ತಿತ್ತು. ಇನ್ನಷ್ಟು ದಿನ ಕೇಳೋಣ ಅಂತ ಚನ್ನಾಜಮ್ಮನವರ ಮನೆಗೆ ಹೋದೆ. ಅವರು ಕಾಂಪೌಂಡಿನ ಗೋಡೆಯ ಮೇಲಿದ್ದ ಚಿಕ್ಕ ಮಣ್ಣಿನ ತಟ್ಟೆಗೆ ಅಕ್ಕಿ ಹಾಕುತ್ತಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಅಂದರು: “ವೀರಾಚಾರಿ, ಆ ಗಾಡಿ ಒಬ್ಬ ತಾಯಿಗೂ ನೋವು ಕೊಟ್ಟಿರಲಿಲ್ಲ. ಅವರಿದ್ದಾಗ ಕೊಟ್ಟಿರಲಿಲ್ಲ. ಈಗ ಕೊಡೋದು ಬೇಡ. ಒಳ್ಳೆ ಹೆಸರಿರೋವಾಗ್ಲೇ ಹೋಗ್ಲಿ.” ಅವರ ದನಿಯಲ್ಲಿ ಕೋಪವಿರಲಿಲ್ಲ. ಹಕ್ಕಿಗಳು ಬರ್ತವಾ ಅಮ್ಮಾವ್ರೇ ಅಂತ ಮಾತು ಬದಲಿಸಿದೆ. ಗುಬ್ಬಿಗಳು ತಿಂದು ಹೋಗುತ್ತವೆ, ತಾನು ಇಡುವುದು ಮಾತ್ರ ಬೇರೆ ಹಕ್ಕಿಗೆ, ಅದು ಬರುವುದು ಬಿಟ್ಟು ವರ್ಷವಾಯಿತು ಅಂದರು.

ಮಾರನೆಯ ದಿನ ಮಧ್ಯಾಹ್ನ ಕಾಳಮ್ಮ ಬುತ್ತಿ ತಂದಳು. ನಾನು ಬೇಜಾರಿನಲ್ಲಿ ಎಂಜಿನ್ನು ಚಾಲೂ ಇಟ್ಟುಕೊಂಡು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಅವಳು ಬಾಗಿಲಲ್ಲೇ ನಿಂತು ಕಿವಿಗೊಟ್ಟು, “ಇದೇನು, ಗಾಡಿ ಒಳಗೆ ಎಮ್ಮೆ ಕಟ್ಟಿದೀರಾ?” ಅಂದಳು.

ಎಂಥ ಎಮ್ಮೆ ಅಂದೆ.

“ಎಮ್ಮೆ ಕೊರಳ ಗಂಟೆ ಅಲ್ವಾ ಅದು? ಹುಟ್ಟಿದಾಗಿಂದ ಕೇಳಿದೀನಿ, ನನಗೆ ಹೇಳಕ್ಕೆ ಬರ್ತೀರಲ್ಲ.” ಬುತ್ತಿ ಬಿಚ್ಚಿ ಮುದ್ದೆ ಮುರಿಯುತ್ತಾ, ದೊಡ್ಡ ವಿಷಯವೇ ಅಲ್ಲವೆನ್ನುವ ಹಾಗೆ ಅಂದಳು.

ಎಂಜಿನ್ನು ಅಂದರೆ ಕಬ್ಬಿಣ ಅಂತ ನಾನು, ಊರವರು, ಎಲ್ಲರೂ ಹಟ ಹಿಡಿದಿದ್ದೆವು. ಕಬ್ಬಿಣ ದಿನ ಮರೆತಿದೆ ಅಂದುಕೊಂಡೆವೇ ಹೊರತು ಇದು ಕಬ್ಬಿಣವೇ ಅಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಇವತ್ತೇ ಕೇಳಿಸಿದರೆ ಅದು ಮರ. ನಮ್ಮೂರಿನ ಮೂರು ವರ್ಷದ ಮಗುವೂ ಹೇಳುತ್ತದೆ.

ಎಂಜಿನ್ನು ನಿಲ್ಲಿಸಿ, ಒಂದು ಮೊಳೆ ತೆಗೆದುಕೊಂಡು, ಒಳಗಿದ್ದ ಒಂದೊಂದು ಭಾಗವನ್ನೂ ಗೀರುತ್ತಾ ಬಂದೆ. ಕಬ್ಬಿಣವಾದರೆ ಬೆಳ್ಳಗೆ ಗೆರೆ ಬೀಳುತ್ತದೆ. ರೇಡಿಯೇಟರಿನ ಹಿಂದೆ, ಕೆಳಗಿನ ಪುಲ್ಲಿಯ ಪಕ್ಕ, ಆಯಿಲ್ ಮಸಿ ಹತ್ತಿ ಕಪ್ಪಾದ ಒಂದು ಗಟ್ಟಿ ಇತ್ತು. ಬ್ರಾಕೆಟ್ಟು ಅಂದುಕೊಂಡು ನಾನೇ ಎಷ್ಟೋ ಸಲ ಒರೆಸಿ ಬಿಟ್ಟಿದ್ದೆ. ಗೀರಿದೆ. ಮಸಿಯ ಕೆಳಗೆ ಹಳದಿ. ಹಲಸಿನ ಮರ.

ರೇಡಿಯೇಟರು ಇಳಿಸಿ ನೋಡಿದರೆ ನನಗೆ ಕೈ ಮುಗಿಯಬೇಕು ಅನ್ನಿಸಿತು. ಅಂಗೈಯಷ್ಟು ಹಲಸಿನ ತುಂಡನ್ನು ಒಳಗೆ ಟೊಳ್ಳು ಮಾಡಿ ಕೂರಿಸಿದೆ. ಅದರ ಮೇಲೆ ಹುಣಸೆ ಮರದ ಪುಟ್ಟ ಸುತ್ತಿಗೆ. ಪುಲ್ಲಿ ತಿರುಗಿದಾಗ ಅದರ ಬೋಲ್ಟು ಸುತ್ತಿಗೆಯನ್ನು ಎತ್ತಿ ಬಿಡುತ್ತದೆ, ಅದು ಟೊಳ್ಳಿನ ಮೇಲೆ ಬೀಳುತ್ತದೆ. ಸುತ್ತಿಗೆಯನ್ನು ಪುಲ್ಲಿಗೆ ತಾಗದ ಹಾಗೆ ಹಿಂದಕ್ಕೆ ಹಿಡಿದಿಡಲು ಮರದ್ದೇ ಒಂದು ಕೊಕ್ಕೆ, ಆ ಕೊಕ್ಕೆಗೆ ಒಂದು ಹುರಿ. ಕೊಕ್ಕೆ ಸವೆದು ಸುತ್ತಿಗೆ ಕಳಚಿಕೊಂಡಿತ್ತು, ಹಾಗಾಗಿ ಸದಾ ಬಡಿಯುತ್ತಿತ್ತು. ಲಡ್ಡಾದ ಹುರಿಯ ಜಾಡು ಹಿಡಿದು ಹೋದರೆ ಅದು ಡ್ಯಾಶ್‌ಬೋರ್ಡಿನ ಕೆಳಗಿನ, ಹಿಡಿದು ಎಳೆಯುವ ಒಂದು ಗುಬುಟಿಗೆ ಹೋಗಿ ಸೇರಿತ್ತು. ಕಿತ್ತು ಬಿಸಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಇಷ್ಟು ಮುದ್ದಾಗಿ ಮಾಡಿದ್ದನ್ನು ಯಾಕೆ ಮಾಡಿದರು ಅಂತ ತಿಳಿಯದೆ ಕೀಳಲು ಮನಸ್ಸಾಗಲಿಲ್ಲ. ಸುಪ್ರಭೆಗೆ ಹೇಳಿ ಕಳಿಸಿದೆ.

ಅವಳು ಬಂದು ಗುಬುಟಿ ನೋಡಿದಳು. ಅದು ಕೆಟ್ಟುಹೋದ ಹಳೆಯ ಚೋಕು, ತಾನು ಅದನ್ನು ಮುಟ್ಟಿಯೇ ಇಲ್ಲ ಅಂದಳು. ಅಪ್ಪ ಮುಟ್ಟುತ್ತಿದ್ದರಾ ಅಂತ ಕೇಳಿದೆ. ಯೋಚಿಸಿದಳು. ಹೊಂಗೆಮರದ ತಿರುವಿನಲ್ಲಿ ಅಪ್ಪನ ಕೈ ಅಲ್ಲಿಗೆ ಹೋಗುತ್ತಿತ್ತು, ಹೌದು ಅಂದಳು. ನಾನು ಸುತ್ತಿಗೆಯನ್ನು ಬೆರಳಲ್ಲಿ ಎತ್ತಿ ಬಿಟ್ಟೆ. ಟೊಕ್. ಇನ್ನೊಮ್ಮೆ ಬೇಗ ಬೇಗ ಆಡಿಸಿದೆ. ಟೊಕ್ಟೊಕ್ಟೊಕ್.

ಸುಪ್ರಭೆ ಹಾಗೇ ಕಾಲಿಡುವ ಹಲಗೆಯ ಮೇಲೆ ಕೂತುಬಿಟ್ಟಳು.

“ಚಿಕ್ಕವಳಿದ್ದಾಗ ಅಪ್ಪ ಆ ತಿರುವಲ್ಲಿ, ಮೇಲೆ ನೋಡು ಮಗಾ, ಮರಕುಟಿಗ, ಅನ್ನೋರು. ನಾನು ಕತ್ತು ಆಚೆ ಹಾಕಿ ಮರದಲ್ಲೆಲ್ಲ ಹುಡುಕ್ತಿದ್ದೆ. ಸದ್ದು ಕೇಳೋದು, ಹಕ್ಕಿ ಒಂದು ದಿನಾನೂ ಕಾಣಲಿಲ್ಲ.” ಮತ್ತೆ ಅಂದಳು, “ಅಮ್ಮ ಆ ಸದ್ದು ಕೇಳಿ ಕಾಫಿಗೆ ಇಡೋಳು ಆಚಾರ್ರೇ. ನಮ್ಮನೇಲಿ ಅಪ್ಪಂಗೆ ಒಂದು ದಿನಾನೂ ಆರಿದ ಕಾಫಿ ಕೊಟ್ಟಿಲ್ಲ.”

ನನಗೂ ಆಗ ಎಲ್ಲ ಕಂಡಿತು. ಇವತ್ತು ಬಂದ ಗಂಡನ ಗಾಡಿ ನಾಳೆ ಕೇಳಿಸುವ ಊರಿನಲ್ಲಿ, ಬಾಗಿಲು ನೋಡುತ್ತಾ ಕೂರುವ ಹೆಂಡತಿಗೆ ಇವತ್ತೇ ಕೇಳಿಸುವ ಸದ್ದೊಂದನ್ನು ಆ ಮನುಷ್ಯ ಕೆತ್ತಿ ಇಟ್ಟುಕೊಂಡಿದ್ದರು. ಕೆತ್ತಿದ್ದನ್ನು ಯಾರಿಗೂ ಹೇಳಿರಲಿಲ್ಲ.

ಹೊಸ ಕೊಕ್ಕೆಯನ್ನು ಹಲಸಿನ ತುಂಡೊಂದರಿಂದ ನಾನೇ ಕೆತ್ತಿದೆ. ಕಬ್ಬಿಣದ ಕೈ ನನ್ನದು, ಮರ ಒಗ್ಗುವುದಿಲ್ಲ, ಎರಡು ಸಲ ಒಡೆದು ಮೂರನೆಯದು ಕೂತಿತು. ಹೊಸ ಹುರಿ ಹಾಕಿದೆ. ಎಂಜಿನ್ನು ಚಾಲೂ ಮಾಡಿದರೆ ಶೆಡ್ಡು ನಿಶ್ಶಬ್ದ. ಗುಬುಟಿ ಎಳೆದರೆ ಟೊಕ್ ಟೊಕ್ ಟೊಕ್. ಬಿಟ್ಟರೆ ಮತ್ತೆ ನಿಶ್ಶಬ್ದ. ಅಮ್ಮನಿಗೆ ಹೇಗೆ ಹೇಳೋಣ ಅಂತ ಸುಪ್ರಭೆ ಕೇಳಿದಳು. ನಾವು ಹೇಳುವುದು ಬೇಡ, ಹೇಳಬೇಕಾದವರು ಹೇಳುವ ದಾರಿ ಮಾಡಿಟ್ಟು ಹೋಗಿದ್ದಾರೆ ಅಂದೆ.

ಸಂತೆಯ ಹಿಂದಿನ ಸಂಜೆ ಹೊರಟೆವು. ಅವಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಹೊಂಗೆಮರ ಬಂತು. ಅವಳ ಕೈ ಗುಬುಟಿಯ ಹತ್ತಿರ ಹೋಗಿ ನಿಂತಿತು. ಎಳೆಯಮ್ಮ ಅಂದೆ. ಎಳೆದಳು. ಹೊಂಗೆಮರದ ಕೆಳಗೆ, ಸಂಜೆಯ ಬೀದಿಯಲ್ಲಿ, ಆ ಸದ್ದು ಉರುಳಿಕೊಂಡು ಹೋಯಿತು. ಶೆಡ್ಡಿನಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದ್ದ ಸದ್ದೇ, ಆದರೆ ಅಲ್ಲಿ, ಮರದ ಕೆಳಗೆ, ಅದು ಹಕ್ಕಿಯೇ.

ಮನೆ ಮುಂದೆ ಗಾಡಿ ನಿಂತಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಸ್ಟವ್ ಹತ್ತಿಸಿದ ವಾಸನೆ ಬಂತು. ಆಮೇಲೆ ಚನ್ನಾಜಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನಮ್ಮನ್ನು ನೋಡಲಿಲ್ಲ. ತಿರುವಿನ ಕಡೆ, ಮರದ ಕಡೆ ನೋಡಿದರು. “ಬಂತು ಕಣೆ ಸುಪ್ರಭೆ,” ಅಂದರು. “ಹೋಗಿದ್ದು ಬಂತು.”

ಎಂಜಿನ್ನು ಆರಿಸದೆ ಕೂತಿದ್ದ ಸುಪ್ರಭೆ ಮತ್ತೆ ಗುಬುಟಿ ಎಳೆದಳು. ನಿಂತ ಗಾಡಿಯ ಬಾನೆಟ್ಟಿನ ಒಳಗಿಂದ, ಅಮ್ಮನ ಎದುರಿಗೇ, ಮರಕುಟಿಗ ಕುಟ್ಟಿತು.

ಚನ್ನಾಜಮ್ಮನವರು ಮೆಟ್ಟಿಲಿಳಿದು ಬಂದು, ಬಾನೆಟ್ಟಿನ ಮೇಲೆ ಅಂಗೈ ಊರಿ, ಮಗುವಿನ ಎದೆ ಮುಟ್ಟಿ ನೋಡುವ ಹಾಗೆ ಆ ಬಡಿತವನ್ನು ಮುಟ್ಟಿದರು. ನಾನು ಅವರು ಅಳುತ್ತಾರೆ ಅಂದುಕೊಂಡೆ. ಅವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು.

“ನಾನು ಮದುವೆಯಾಗಿ ಬಂದಾಗಿಂದ ಈ ಹಕ್ಕಿಗೆ ಅಕ್ಕಿ ಇಟ್ಟೆನಲ್ಲೋ ವೀರಾಚಾರಿ. ತಟ್ಟೆ ತಂದುಕೊಟ್ಟವರೂ ಅವರೇ. ಇವತ್ತು ತಿಂತಾ ಅಂತ ದಿನಾ ವಿಚಾರಿಸೋರು. ಎಂಥ ಕಳ್ಳ ಮನುಷ್ಯ.” ನಗುತ್ತಾ ನಗುತ್ತಾ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಆಮೇಲೆ, ನಮಗಲ್ಲ, ಗಾಡಿಗೆ ಹೇಳಿದ ಹಾಗೆ ಅಂದರು: “ಕಾಯ್ತಾ ಇದೀನಿ ಅಂತ ನಂಗೇ ಗೊತ್ತಾಗದ ಹಾಗೆ ನೋಡ್ಕೊಂಡ್ರು.”

ಒಳಗೆ ಕಾಫಿ ಉಕ್ಕಿತು. ಆ ಕಾಫಿಯನ್ನು ನನಗೇ ಕೊಟ್ಟರು, ಜಗಲಿಯಲ್ಲಿ ಪದ್ಮರಾಜಯ್ಯನವರು ಒರಗುತ್ತಿದ್ದ ಜಾಗದಲ್ಲೇ ಕೂರಿಸಿ. ಅಷ್ಟು ಬಿಸಿಯಾದ ಕಾಫಿ ನಾನು ಯಾರ ಮನೆಯಲ್ಲೂ ಕುಡಿದಿಲ್ಲ.

ಮರುದಿನ ಗುಜರಿಯವನು ಬಂದು ಬೈದುಕೊಂಡು ಹೋದ. ಚನ್ನಾಜಮ್ಮನವರು ಗಂಗೂಬಾಯಿಯ ಮನೆಗೆ ತಾವೇ ನಡೆದು ಹೋಗಿ ನಡೆದದ್ದೆಲ್ಲ ಹೇಳಿದರಂತೆ. ಗಂಗೂಬಾಯಿ ಕೇಳಿ ಕೇಳಿ, ಹಾಗಾದರೆ ಅವತ್ತು ನನ್ನ ಮಗಳ ಜೊತೆ ಹೋದದ್ದು ನಿಮ್ಮ ಯಜಮಾನರೇ ಅನ್ನಿ ಅಂದಳಂತೆ. ಒಳಗೆ ಕರೆದು ಕೂರಿಸಿದಳಂತೆ. ಅಲ್ಲಿಯವರೆಗೆ ಬಾರದ ಕಣ್ಣೀರು ಆಗ ಬಂತಂತೆ. ನಾಳೆ ತಡವಾಗಿಯಾದರೂ ಅವಳಿಗೆ ಸಿಕ್ಕಿತು.

ಕೆನೆ ಕಾರು ಈಗಲೂ ಮದುವೆಗಳಿಗೆ ಹೋಗುತ್ತದೆ, ಮೊದಲಿನ ಹಾಗೇ ಸದ್ದಿಲ್ಲದೆ. ಸುಪ್ರಭೆ ಮನೆಗೆ ಮರಳುವಾಗ ಹೊಂಗೆಮರದ ಹತ್ತಿರ ಮಾತ್ರ ಗುಬುಟಿ ಎಳೆಯುತ್ತಾಳೆ. ಗೋಡೆಯ ಮೇಲಿನ ತಟ್ಟೆಯಲ್ಲಿ ಅಕ್ಕಿಯೂ ಇರುತ್ತದೆ. ಗೊತ್ತಾದ ಮೇಲೆ ನಿಲ್ಲಿಸಲು ಮನಸ್ಸು ಬರಲಿಲ್ಲವಂತೆ, ಗುಬ್ಬಿಗಳಿಗೂ ಅಭ್ಯಾಸವಾಗಿದೆ.

ಮಿಕ್ಕ ಹಲಸಿನ ತುಂಡು ಶೆಡ್ಡಿನಲ್ಲಿ ಬಿದ್ದಿತ್ತು. ಅದನ್ನು ಟೊಳ್ಳು ಮಾಡಿ ಸೈಕಲ್ಲಿಗೆ ಕಟ್ಟಿಕೊಂಡೆ. ಈಗ ಸಂಜೆ ತಿಪ್ಪಮ್ಮನ ಮನೆ ದಾಟುತ್ತಲೇ ಒಂದು ಕಡ್ಡಿಯಿಂದ ಟೊಕ್ ಟೊಕ್ ಅನ್ನಿಸುತ್ತೇನೆ. ಪದ್ಮರಾಜಯ್ಯನವರ ಕೈಚಳಕ ನನಗಿಲ್ಲ, ನನ್ನದನ್ನು ಯಾರೂ ಹಕ್ಕಿ ಅಂದುಕೊಳ್ಳುವುದಿಲ್ಲ. ಗಾಣದ ಮನೆ, ನಲ್ಲಿ ಮನೆ, ಮೂಲೆ ಮನೆ ದಾಟಿ ಮುರುಕು ಗೇಟಿನ ಹತ್ತಿರ ಬರುವಷ್ಟರಲ್ಲಿ ನಮ್ಮ ಮನೆಯೊಳಗಿಂದ ಕಾಳಮ್ಮನ ದನಿ ಇಡೀ ಬೀದಿಗೆ ಕೇಳಿಸುತ್ತದೆ, ಅವತ್ತಿನದು ಅವತ್ತೇ: “ಎಮ್ಮೆ ಬಂತು, ಒಲೆ ಮೇಲೆ ನೀರಿಡಬೇಕು.”